ಕಾಲ ಮುಂದಾಗಿ ಹುಟ್ಟಿದಾಕಿ

ನಾ ಕಾಲ ಮುಂದಾಗಿ ಹುಟ್ಟಿದಾಕಿ.
ಸೂಲಗಿತ್ತಿ ಮದಲ ಕಂಡದ್ದು
ನನ್ನ ಎಡಗಾಲ ಹೆಬ್ಬಟ್ಟು, ಅಂತ ಅವ್ವ ಹೇಳತಿದ್ಲು.
ಅಷ್ಟಕ್ಕ ಜೋರಾಪುರ ಪೇಠದ ಮಂದಿ
ನನಗೊಂದು ನೌಕರಿ ಕೊಟ್ರು:
ಯಾರ ಟೊಂಕ ಉಳುಕಲಿ, ಯಾರ ಬೆನ್ನ ಹಿಡೀಲಿ,
ಐತಾರ ಮುಂಜಾನೆ ನಮ್ಮ ಬಾಗಲಾಗ ಬೋರಲ ಮಲಗೂದು,
ನಾ ಎಡಗಾಲಲೆ ಮೂರ ಸಲ ತುಳಿಯೂದು.
ರೊಕ್ಕ ಮುಟ್ಟಬಾರದು.
ಒಂದ ಕಾಯಿ, ಎರಡ ಬಾಳಿಹಣ್ಣು.

ಆವತ್ತ ಲಗ್ನದ ಮನಿಗೆ ಇನ್ನೂರು ರೊಟ್ಟಿ ಕೊಡೂದಿತ್ತು.
ಅಟ್ಟದ ಮ್ಯಾಲಿನ ಹಿಟ್ಟಿನ ಡಬ್ಬಿಗೆ ಕೈ ಚಾಚಿ
ಮೈ ಅರ್ಧ ತಿರುವಿದ್ದೆ,
ಜ್ವಾಳದ ಧೂಳು ಮೂಗಿಗೇರಿತು.
ಒಂದ ಸೀನು.
ಅಷ್ಟ.
ಬಲಗಡೆ ಬರಿಯಾಗ ಯಾರೋ ದಬ್ಬಣ ಚುಚ್ಚಿ
ತಗೀದ ಹಂಗ ಹ್ವಾದ್ರು.

ನಕ್ಕರ ನೋವು, ಕೆಮ್ಮಿದರ ನೋವು,
ಮಗ್ಗಲ ಬದಲಿಸಿದರ ಹಾಸಿಗಿ ಸೈತ ನರಳತಿತ್ತು.
ಉಸಿರು ಅರ್ಧದಾರಿಗೆ ಬಂದು
ಸಿಟ್ಟಾದ ಬೀಗರ ಹಂಗ
ಹೊಸ್ತಿಲಾಗ ನಿಂತಬಿಡತಿತ್ತು.
ಸೊಸಿ ಹಳೆ ಸೀರಿ ಹರದು ಎದಿಗೆ ಬಿಗದು ಸುತ್ತಿದ್ಲು.
ತುಳಿಯಾಕ ಯಾರನ್ನ ಕರೀಬೇಕು?
ಇಡೀ ಪೇಠದಾಗ ಕಾಲ ಮುಂದಾಗಿ ಹುಟ್ಟಿದಾಕಿ ಒಬ್ಬಾಕಿ.
ಆಕಿ ಇಲ್ಲೆ ಬಿದ್ದಾಳ.

ಸ್ಟೇಶನ್ ರೋಡಿನ ಫಿಜಿಯೋಥೆರಪಿ ದವಾಖಾನಿ.
ಔಷಧದ ವಾಸನಿ ಇಲ್ಲ, ಸೂಜಿ ಇಲ್ಲ,
ಎರಡು ಮಂಚ, ಒಂದ ದೊಡ್ಡ ರಬ್ಬರ ಚೆಂಡು.
ತಬಸ್ಸುಮ್ ಇನಾಮದಾರ, ನನ್ನ ಸೊಸಿಗಿಂತ ಸಣ್ಣಾಕಿ,
ಎಕ್ಸರೇ ಬೆಳಕಿಗೆ ಹಿಡದು
"ಎಲುಬ ಮುರದಿಲ್ಲ ಅವ್ವಾ" ಅಂದ್ಲು.
"ಪಕ್ಕೆಲುಬು ಬೆನ್ನಿಗೆ ಕೂಡೂ ಕಡೆ ಸಣ್ಣ ಕೀಲು,
ಕೀಲು ಹಿಡದಿದ್ದ ಪಟ್ಟಿ ಎಳಕೊಂಡೈತಿ."
ಮೂಲ್ಯಾಗಿನ ಬಕೀಟು ತಂದು
ಅದರ ಹಿಡಿಕಿ ಎತ್ತಿದ್ಲು, ಇಳಿಸಿದ್ಲು.
"ಉಸಿರ ತಗೊಂಡಾಗ ಎಲುಬು ಹಿಂಗ ಏರತೈತಿ, ಬಿಟ್ಟಾಗ ಇಳೀತೈತಿ,
ದಿನಕ್ಕ ಇಪ್ಪತ್ತ ಸಾವಿರ ಸಲ.
ಕೈ ಮುರದರ ಕೊಳ್ಳಿಗೆ ಹಾಕಿ ಸುಮ್ಮ ಇಡಬಹುದು,
ಇದಕ್ಕ ಸೂಟಿ ಎಲ್ಲೈತಿ?"

ಇನ್ನೂರು ರೊಟ್ಟಿಗೆ ನಾ
ದುಡಿತ ಅಂತ ಹೆಸರಿಟ್ಟಿದ್ದೆ.

ಸೀರಿ ಕಟ್ಟು ಬಿಚ್ಚಿದ್ಲು.
"ಬಿಗದ ಎದಿಯಾಗ ಗಾಳಿ ತಳಾ ಮುಟ್ಟೂದಿಲ್ಲ, ಕಫ ಕೂಡತೈತಿ.
ಕೆಮ್ಮು ಬಂದರ ತಲಿದಿಂಬು ಬರಿಗೆ ಅವಚಿಕೊಂಡು ಕೆಮ್ಮರಿ."
ಆಮ್ಯಾಲ ನೋವಿನ ಮ್ಯಾಲ ಅಂಗೈ ಇಟ್ಟು
ಒತ್ತಲಿಲ್ಲ, ತಿಕ್ಕಲಿಲ್ಲ,
"ನನ್ನ ಕೈ ಎತ್ತರಿ" ಅಂದ್ಲು.
ಯಾತರಲೆ?
"ಉಸಿರಲೆ."

ತಾಜ ಬಾವಡಿಯ ಪಾವಟಿಗಿ ಇಳಿದಂಗ ಇಳಿದೆ,
ಮದಲ ದಿನ ಮೂರು ಮೆಟ್ಟಲ,
ನಾಕನೇದಕ್ಕ ದಬ್ಬಣ ನಿಂತಿತ್ತು.
ಎಂಟನೇ ದಿನ ಹಸರ ನೀರಿನ ವಾಸನಿ ಬಂತು.
ಮಗ್ಗಲಾಗಿ ಮಲಗಿ ಮ್ಯಾಲಿನ ಕೈಯನ್ನ
ಬಾಗಲ ತಗದಂಗ ನಿಧಾನ ಹಿಂದಕ್ಕ ಒಯ್ಯೂದು,
ಬಿಸಿನೀರಿನ ಚೀಲ, ಮತ್ತ ಉಸಿರು, ಮತ್ತ ಬಾಗಲು.

ಒಂದಿನ ನನ್ನ ಕಾಲಿನ ಕತಿ ಹೇಳಿದೆ.
ಆಕಿ ನಗಲಿಲ್ಲ.
"ಆರಾಮ ಆಗತಿತ್ತಾ ಮಂದಿಗೆ?"
ಆಗತಿತ್ತವ್ವ, ಹದಿನೈದ ದಿನಕ್ಕ.
"ಹದಿನೈದ ದಿನಕ್ಕ..." ಅಂದು
ಟವೆಲು ಮಡಚಾಕ ಹತ್ತಿದ್ಲು.

ಆ ರಾತ್ರಿ ಟಾಂಗಾದ ಹುಸೇನಸಾಬ ನೆನಪಾದ.
ಕುದರಿ ಒದ್ದು ಬಂದಿದ್ದ, ನನ್ನ ಕಾಲಿನಡಿ ಕಿರಿಚಿದ್ದ.
ನೋವು ಹೊರಗ ಹೊಂಟೈತಿ ಅಂತ
ನಾ ಇನ್ನೊಂದ ಸಲ ತುಳಿದಿದ್ದೆ.
ಆತನ ಮನಿಯವರು ಈಗ ಎಲ್ಲದಾರೋ.

ಆರನೇ ವಾರ. ಐತಾರ.
ಮಾರ್ಕೆಟ್ಟಿನ ಹಮಾಲ ಬಾಗಲಾಗ ಬೋರಲ ಬಿದ್ದಾನ,
ತಲಿ ಹತ್ರ ಕಾಯಿ, ಎರಡ ಬಾಳಿಹಣ್ಣು.
ನಾ ಆತನ ಮಗ್ಗಲದಾಗ ಕುಂತೆ,
ಬೆನ್ನ ಮ್ಯಾಲ ಹಗೂರಕ ಅಂಗೈ ಇಟ್ಟೆ.
ನನ್ನ ಕೈ ಎತ್ತೋ ತಮ್ಮಾ.
ಕತ್ತು ತಿರುವಿ ನೋಡಿದ:
"ಯಾಕಬೇ, ಕಾಲು?"
ಕಾಲಿಗೆ ಇವತ್ತ ಸೂಟಿ.